ಕ್ಯಾನಿನ ಬಿಳಿ ಪದರ, ಪರೀಕ್ಷೆಯ ಹಳದಿ ಬಣ್ಣ: ಎರಡಕ್ಕೂ ಒಂದೇ ಲೆಕ್ಕ



ನೀವು ಬೆಳಿಗ್ಗೆ ಸಂಘಕ್ಕೆ ಹಾಕಿದ ಹಾಲು ಬಿ.ಎಂ.ಸಿ.ಯಲ್ಲಿ ತಣ್ಣಗಾಗಿ, ಟ್ಯಾಂಕರ್ ಏರಿ, ಬೆಂಗಳೂರಿನ ಡೇರಿ ಸರ್ಕಲ್ ಪಕ್ಕದ ಡೇರಿಯ ಗೇಟಿಗೆ ಬಂದು ನಿಂತಾಗ ಮೊದಲು ಒಳಗೆ ಹೋಗುವುದು ಹಾಲಲ್ಲ, ಒಂದು ಬಾಟಲಿ ಸ್ಯಾಂಪಲ್. ಪ್ರಯೋಗಾಲಯದಲ್ಲಿ ಅದರ ಫ್ಯಾಟ್, ಎಸ್.ಎನ್.ಎಫ್. ನೋಡುವುದರ ಜೊತೆಗೆ ಉಪ್ಪು, ಸೋಡಾ, ಸಕ್ಕರೆ, ಯೂರಿಯಾ ಬೆರೆತಿದೆಯೇ ಎಂದೂ ನೋಡುತ್ತಾರೆ. ಇವುಗಳಲ್ಲಿ ಕೆಲವು ಪರೀಕ್ಷೆ ನೋಡಲು ಬಹಳ ಸರಳ. ಒಂದು ದ್ರವದ ಕೆಲವು ಹನಿ ಬಿಡುವುದು, ಬಣ್ಣ ತಿರುಗಿತೇ, ಬಿಳಿ ಗಸಿ ಕಟ್ಟಿತೇ ಎಂದು ನೋಡುವುದು, ಅಷ್ಟೇ. ಆ ಹನಿಯ ಮೇಲೆ ಒಂದು ಟ್ಯಾಂಕರ್ ಹಾಲಿನ ಗತಿ ನಿಂತಿರುತ್ತದೆ. ಅದೇ ಪರೀಕ್ಷೆ ನಿಮ್ಮೂರಿನ ಸಂಘದಲ್ಲಿ ನಡೆದರೆ ನಿಮ್ಮ ಮರ್ಯಾದೆಯೂ ಅದರ ಮೇಲೆಯೇ ನಿಂತಿರುತ್ತದೆ.

ಈ ಹನಿಯ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳೋ ಮಗನೋ ಇದ್ದರೆ ವಿಜ್ಞಾನ ಪುಸ್ತಕದ ಮೊದಲ ಪಾಠ ತೆಗೆಸಿ ನೋಡಿ. ಎರಡು ತಿಳಿ ನೀರು ಬೆರೆಸಿದಾಗ ಬಿಳಿ ಪುಡಿ ತಳಕ್ಕೆ ಇಳಿಯುವ ಪ್ರಯೋಗ ಅಲ್ಲಿದೆ. ಪುಸ್ತಕ ಅದನ್ನು ಪ್ರಕ್ಷೇಪನ ಕ್ರಿಯೆ ಎನ್ನುತ್ತದೆ. ನಮ್ಮ ಮಾತಿನಲ್ಲಿ ಗಸಿ ಕೂರುವುದು. ಯಾವುದರ ಜೊತೆ ಯಾವುದು ಸೇರಿದರೆ ಗಸಿ ಕೂರುತ್ತದೆ ಎಂದು ಬೆರೆಸುವ ಮೊದಲೇ ಹೇಳಿಬಿಡಬಹುದು. ಅದನ್ನು ಕಲಿತರೆ ಪರೀಕ್ಷೆಯ ಬಣ್ಣ ಮಾತ್ರವಲ್ಲ, ನಿಮ್ಮ ಕ್ಯಾನಿನ ಒಳಗಿನ ಬಿಳಿ ಪದರ, ಹಸುವಿನ ಹೊಟ್ಟೆಯಲ್ಲಿ ಮಾಯವಾಗುವ ಸುಣ್ಣದ ಅಂಶ, ಹಾಲು ಜ್ವರದ ಬಾಟಲಿ, ಎಲ್ಲವೂ ಅರ್ಥವಾಗುತ್ತವೆ.

ನೀರು ಯಾರನ್ನು ಇಟ್ಟುಕೊಳ್ಳುತ್ತದೆ, ಯಾರನ್ನು ಬಿಡುತ್ತದೆ

ರಸಾಯನಶಾಸ್ತ್ರದಲ್ಲಿ ಲವಣ ಎಂದರೆ ಅಡುಗೆ ಉಪ್ಪು ಒಂದೇ ಅಲ್ಲ. ಸೋಡಾ, ಸುಣ್ಣದಕಲ್ಲು, ಅಮೋನಿಯಂ ಸಲ್ಫೇಟ್ ಗೊಬ್ಬರ, ಎಲ್ಲವೂ ಲವಣಗಳೇ. ಪ್ರತಿ ಲವಣವೂ ಒಂದು ಜೋಡಿ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಒಂದು ಕಡೆ, ಕ್ಲೋರೈಡ್ ಇನ್ನೊಂದು ಕಡೆ. ನೀರಿಗೆ ಹಾಕಿದರೆ ಜೋಡಿ ಬಿಟ್ಟು ಎರಡೂ ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತವೆ. ಕರಗುವುದು ಎಂದರೆ ಇದೇ. ಈಗ ಇನ್ನೊಂದು ಲವಣದ ನೀರನ್ನು ಸುರಿದರೆ ಒಟ್ಟು ನಾಲ್ಕು ಜನ ಎದುರಾಗುತ್ತಾರೆ. ಅದಲುಬದಲಾಗಿ ಕೂಡಬಹುದಾದ ಹೊಸ ಜೋಡಿಗಳು ಎರಡು. ಅವುಗಳಲ್ಲಿ ಒಂದನ್ನು ನೀರು ಹಿಡಿದಿಟ್ಟುಕೊಳ್ಳಲಾರದು ಎಂದಾದರೆ ಆ ಜೋಡಿ ಗಟ್ಟಿಯಾಗಿ ತಳ ಸೇರುತ್ತದೆ.

ಯಾವ ಜೋಡಿಯನ್ನು ನೀರು ಹಿಡಿಯಲಾರದು? ನೆನಪಿಡಬೇಕಾದ್ದು ಸ್ವಲ್ಪವೇ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಯಾರ ಜೊತೆಗಿದ್ದರೂ ಸಾಮಾನ್ಯವಾಗಿ ಕರಗುತ್ತವೆ. ನೈಟ್ರೇಟ್‌ಗಳು ಎಲ್ಲವೂ ಕರಗುತ್ತವೆ, ವಿನೆಗರ್‌ನಿಂದ ಆಗುವ ಅಸಿಟೇಟ್‌ಗಳೂ ಹೆಚ್ಚುಕಡಿಮೆ ಹಾಗೆಯೇ. ಕ್ಲೋರೈಡ್‌ಗಳು ಕರಗುತ್ತವೆ, ಬೆಳ್ಳಿ ಮತ್ತು ಸೀಸದ ಜೊತೆ ಮಾತ್ರ ಆಗಿಬರುವುದಿಲ್ಲ. ಸಲ್ಫೇಟ್‌ಗಳು ಕರಗುತ್ತವೆ, ಆದರೆ ಬೇರಿಯಂ, ಸೀಸ ಸಿಕ್ಕರೆ ಬೀಳುತ್ತವೆ, ಕ್ಯಾಲ್ಸಿಯಂ ಜೊತೆ ಅರೆಬರೆ. ಇನ್ನು ಕಾರ್ಬೊನೇಟ್, ಫಾಸ್ಫೇಟ್‌ಗಳ ಸ್ವಭಾವ ತದ್ವಿರುದ್ಧ: ಮೊದಲು ಹೇಳಿದ ಆ ಮೂರರ ಜೊತೆಗೆ ಬಿಟ್ಟರೆ ಬಹುತೇಕ ಎಲ್ಲರ ಜೊತೆಯೂ ಗಸಿಯಾಗುತ್ತವೆ. ಕ್ಯಾಲ್ಸಿಯಂ ಎಂದರೆ ನಮ್ಮ ಸುಣ್ಣದ ಅಂಶ. ಹಾಲಿನ ಕೆಲಸದಲ್ಲಿ ಹೆಚ್ಚು ಎದುರಾಗುವುದು ಅದೇ.

ಇದೆಲ್ಲ ಓದಿದವರ ಪಾಠ, ನಮಗೇಕೆ ಎನ್ನಬೇಡಿ. ಡೇರಿ ಸರ್ಕಲ್‌ಗೆ ಹತ್ತಿರದ ಆಡುಗೋಡಿಯಲ್ಲಿ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. 1923ರಲ್ಲಿ ಶುರುವಾದ ಈ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಮತ್ತು ಮದನ ಮೋಹನ ಮಾಳವೀಯರು ಹಸು ಸಾಕಣೆ ಕಲಿಯಲು ಬಂದಿದ್ದರು. ಮುಂದೆ 1955ರಲ್ಲಿ ಅದರ ಮುಖ್ಯ ಕಚೇರಿ ಹರಿಯಾಣದ ಕರ್ನಾಲ್‌ಗೆ ಹೋಯಿತು, ಇಲ್ಲಿನದು ಶಾಖೆಯಾಗಿ ಉಳಿಯಿತು. ಗಾಂಧೀಜಿಗೆ ಆಗ ಐವತ್ತೇಳು ವರ್ಷ.

ಹಳದಿ ಬಂದರೆ ಉಪ್ಪು ಹಾಕಿದ್ದೀರಿ ಎಂದೇ ಅರ್ಥವಲ್ಲ

ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಡಿಗ್ರಿ ಇಳಿಯುತ್ತದೆ. ಇಳಿದದ್ದನ್ನು ಏರಿಸಲು ಕೆಲವರು ಉಪ್ಪು ಹಾಕುತ್ತಾರೆ. ಅದನ್ನು ಹಿಡಿಯುವ ಪರೀಕ್ಷೆಯಲ್ಲಿ ಎರಡು ದ್ರವಗಳಿವೆ: ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ನೀರು, ಮತ್ತು ಪೊಟ್ಯಾಸಿಯಂ ಕ್ರೋಮೇಟ್ ಎಂಬ ಹಳದಿ ದ್ರವ.

ಬೆಳ್ಳಿಗೆ ಕ್ಲೋರೈಡ್ ಕಂಡರೆ ಬಿಡುವುದಿಲ್ಲ. ಹಾಲಿನಲ್ಲಿರುವ ಕ್ಲೋರೈಡನ್ನೆಲ್ಲ ಹಿಡಿದು ಮೊದಲು ಬಿಳಿ ಗಸಿಯಾಗುತ್ತದೆ. ಒಳ್ಳೆಯ ಹಾಲಿನಲ್ಲೂ ಸ್ವಲ್ಪ ಕ್ಲೋರೈಡ್ ಇದ್ದೇ ಇರುತ್ತದೆ, ಸುಮಾರು ಶೇ. 0.1ರಷ್ಟು. ಆ ಲೆಕ್ಕ ನೋಡಿಕೊಂಡೇ ಬೆಳ್ಳಿಯನ್ನು ಸ್ವಲ್ಪ ಹೆಚ್ಚಾಗಿ ಹಾಕಿರುತ್ತಾರೆ. ಕ್ಲೋರೈಡ್ ಮುಗಿದ ಮೇಲೆ ಉಳಿದ ಬೆಳ್ಳಿ ಕ್ರೋಮೇಟ್ ಜೊತೆ ಕೂಡಿ ಇಟ್ಟಿಗೆ ಕೆಂಪು ಬಣ್ಣದ ಗಸಿಯಾಗುತ್ತದೆ. ಹಾಗಾಗಿ ಕೆಂಪು ಬಂದರೆ ಹಾಲು ಸರಿ. ಕ್ಲೋರೈಡ್ ಅತಿಯಾಗಿದ್ದರೆ ಬೆಳ್ಳಿಯೆಲ್ಲ ಅದಕ್ಕೇ ಖರ್ಚಾಗಿ ಕ್ರೋಮೇಟ್‌ಗೆ ಏನೂ ಸಿಗುವುದಿಲ್ಲ, ಅದು ತನ್ನ ಹಳದಿ ಬಣ್ಣದಲ್ಲೇ ಉಳಿಯುತ್ತದೆ. ಹಳದಿ ಎಂದರೆ ಹಾಲಿನಲ್ಲಿ ಕ್ಲೋರೈಡ್ ಜಾಸ್ತಿ.

ಇಲ್ಲಿ ಒಂದು ಮಾತು ಸರಿಯಾಗಿ ಗಮನಿಸಿ. ಆ ಹನಿಗೆ ಗೊತ್ತಾಗುವುದು ಕ್ಲೋರೈಡ್ ಎಷ್ಟಿದೆ ಎಂಬುದು ಮಾತ್ರ. ಅದು ಡಬ್ಬಿಯ ಉಪ್ಪಿನಿಂದ ಬಂತೇ, ಹಸುವಿನ ರಕ್ತದಿಂದ ಬಂತೇ ಎಂದು ಹನಿಗೆ ತಿಳಿಯದು. ಕೆಚ್ಚಲು ಬಾವು ಬಂದಾಗ ಕೆಚ್ಚಲಿನ ಒಳಪದರ ಸಡಿಲವಾಗಿ ರಕ್ತದಲ್ಲಿರುವ ಸೋಡಿಯಂ, ಕ್ಲೋರೈಡ್ ಹಾಲಿಗೆ ಸೋರುತ್ತವೆ, ಹಾಲಿನ ಸಿಹಿ ಅಂಶವಾದ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ. ಅಜ್ಜಿಯರು ‘ಹಾಲು ಉಪ್ಪುಪ್ಪಾಗಿದೆ’ ಎನ್ನುತ್ತಿದ್ದುದು ಇದನ್ನೇ. ಬತ್ತುವ ಹಂತದಲ್ಲಿರುವ ಹಸುವಿನ ಹಾಲಿನಲ್ಲೂ, ಗಿಣ್ಣು ಹಾಲಿನಲ್ಲೂ ಕ್ಲೋರೈಡ್ ಹೆಚ್ಚು. ಅಂದರೆ ಒಂದು ಚಿಟಿಕೆ ಉಪ್ಪನ್ನೂ ಮುಟ್ಟದ ಹೆಣ್ಣುಮಗಳ ಹಾಲು ಪರೀಕ್ಷೆಯಲ್ಲಿ ಹಳದಿ ತೋರಿಸಬಹುದು.

ಹಾಗೇನಾದರೂ ನಿಮ್ಮ ಹಾಲನ್ನು ವಾಪಸು ಕೊಟ್ಟರೆ ಸುಮ್ಮನೆ ತಲೆ ತಗ್ಗಿಸಿ ಮನೆಗೆ ಬರಬೇಡಿ, ಜಗಳವೂ ಬೇಡ. ಕಾರ್ಯದರ್ಶಿಯವರನ್ನೋ ಹಾಲು ಪರೀಕ್ಷಕರನ್ನೋ ನಿಮ್ಮ ಕೊಟ್ಟಿಗೆಗೆ ಕರೆಯಿರಿ. ಅವರ ಕಣ್ಣೆದುರೇ ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಕರೆದು ಸ್ಯಾಂಪಲ್ ಕೊಡಿ. ಎದುರಿಗೆ ಕರೆದ ಹಾಲೂ ಹಳದಿಯಾದರೆ ಉಪ್ಪಿನ ಮಾತು ಅಲ್ಲಿಗೇ ಮುಗಿಯಿತು, ಮುಂದಿನದು ಪಶುವೈದ್ಯರ ಕೆಲಸ. ನಾಲ್ಕು ಮೊಲೆಯ ಹಾಲನ್ನೂ ಸಿ.ಎಂ.ಟಿ. ತಟ್ಟೆಯಲ್ಲಿ ಪ್ರತ್ಯೇಕವಾಗಿ ನೋಡಿದರೆ ಯಾವುದರಲ್ಲಿ ಬಾವು ಇದೆ ಎಂದು ತಿಳಿಯುತ್ತದೆ. (ಆ ತಟ್ಟೆಯಲ್ಲಿ ಹಾಲು ಲೋಳೆಯಾಗುವುದು ಗಸಿ ಕೂರುವ ಲೆಕ್ಕದಿಂದಲ್ಲ. ಬಾವಿನಿಂದ ಹಾಲಿಗೆ ಇಳಿದ ಜೀವಕೋಶಗಳು ಒಡೆದು ಹಾಗಾಗುತ್ತದೆ.) ನಿಜ ಹೇಳಬೇಕೆಂದರೆ ಹೊರಗೆ ಊತ ಕಾಣದ ಕೆಚ್ಚಲು ಬಾವನ್ನು ಆ ಹಳದಿ ಬಣ್ಣ ನಿಮಗಿಂತ ಮೊದಲೇ ಹೇಳಿಬಿಟ್ಟಿರಬಹುದು. ರುಚಿ ನೋಡಲೇಬೇಕು ಎನಿಸಿದರೆ ಕಾಯಿಸಿದ ಹಾಲನ್ನು ನೋಡಿ, ಹಸಿ ಹಾಲು ಬೇಡ. ಚಿಕಿತ್ಸೆ ಶುರುವಾದ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಾಲು ಸಂಘಕ್ಕೆ ಹೋಗಬಾರದು.

ಡಿಗ್ರಿ ಏರಿಸಲು ಅಮೋನಿಯಂ ಸಲ್ಫೇಟ್ ಗೊಬ್ಬರ ಹಾಕುವ ಪಾಪವೂ ಲೋಕದಲ್ಲಿ ಉಂಟು. ಅದನ್ನು ಹಿಡಿಯಲು ಮೊದಲು ಹಾಲನ್ನು ಒಡೆಸಿ, ಸೋಸಿ, ತಿಳಿ ನೀರಿಗೆ ಬೇರಿಯಂ ಕ್ಲೋರೈಡ್ ಬಿಡುತ್ತಾರೆ. ಸಲ್ಫೇಟ್ ಇದ್ದರೆ ಬೇರಿಯಂ ಸಲ್ಫೇಟ್ ಬೆಳ್ಳಗೆ ಬೀಳುತ್ತದೆ. ಮಕ್ಕಳ ಪುಸ್ತಕದ ಪ್ರಯೋಗದಲ್ಲಿ ಬೀಳುವ ಬಿಳಿ ಪುಡಿಯೂ ಇದೇ. ಬೇರಿಯಂ ಕ್ಲೋರೈಡ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಹೊಟ್ಟೆಗೆ ಹೋದರೆ ವಿಷ. ಬೇರಿಯಂ ಸಲ್ಫೇಟ್ ಕರಗದು. ಹಾಗಾಗಿಯೇ ಜಯನಗರದಂಥ ಕಡೆಯ ಎಕ್ಸ್‌ರೇ ಕೇಂದ್ರಗಳಲ್ಲಿ ಹೊಟ್ಟೆಯ ಚಿತ್ರ ತೆಗೆಯುವ ಮೊದಲು ಅದನ್ನು ಲೋಟದಲ್ಲಿ ಕುಡಿಸುತ್ತಾರೆ. ಒಳಗೆ ಹೋಗಿ, ಎಲ್ಲೂ ಕರಗದೆ, ಬಂದ ಹಾಗೆ ಹೊರಗೆ ಹೋಗುತ್ತದೆ. ವಿಷವೋ ಅಲ್ಲವೋ ಎಂಬುದು ಕರಗುವುದರ ಮೇಲೆ ನಿಂತಿದೆ ನೋಡಿ. ಪರೀಕ್ಷಾ ಕೋಣೆಯ ಬಾಟಲಿಗಳನ್ನು ಮಕ್ಕಳು ಮುಟ್ಟದಂತೆ ಇಡಬೇಕು ಎನ್ನುವುದು ಇದಕ್ಕೇ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರಂತೂ ಚರ್ಮ ಕಪ್ಪಾಗುತ್ತದೆ.

ಬೋರ್‌ವೆಲ್ ನೀರು, ವಾಷಿಂಗ್ ಸೋಡಾ ಮತ್ತು ಕ್ಯಾನು

ಜಯನಗರ, ಬನಶಂಕರಿಯ ಮನೆಗಳಿಗೆ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಬರುತ್ತದೆ. ಅದೇ ಕನಕಪುರ ರಸ್ತೆಯ ಆಚೀಚೆ ಹಸು ಕಟ್ಟಿರುವ ಎಷ್ಟೋ ಹಳ್ಳಿಗಳಿಗೆ ಬೋರ್‌ವೆಲ್ ನೀರೇ ಗತಿ. ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ನ ದೊಡ್ಡ ಕಟ್ಟಡಗಳಲ್ಲೂ ಬೇಸಿಗೆ ಬಂದರೆ ಬೋರ್‌ವೆಲ್, ಟ್ಯಾಂಕರ್ ನೀರು. 2024ರ ಬೇಸಿಗೆಯನ್ನು ಬೆಂಗಳೂರಿನವರು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ.

ಗಡಸು ನೀರು ಕಂಡುಹಿಡಿಯಲು ಲ್ಯಾಬ್ ಬೇಡ. ಸೋಪು ನೊರೆ ಬಾರದೆ ಮೊಸರಿನ ತುಣುಕಿನಂತೆ ತೇಲಿದರೆ ನೀರು ಗಡಸು. ಸೋಪಿನ ಸೋಡಿಯಂ ಹೋಗಿ ಕ್ಯಾಲ್ಸಿಯಂ ಬಂದು ಕೂತಿದೆ, ಆ ಜೋಡಿ ಕರಗದು. ಹಂಡೆಯಲ್ಲಿ ನೀರು ಕಾಯಿಸಿದಾಗ ಒಳಗೆ ಬಿಳಿ ಪೊರೆ ಕಟ್ಟುವುದೂ ಇದೇ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್.

ಈಗ ಕ್ಯಾನಿಗೆ ಬನ್ನಿ. ಇಂಥ ನೀರಿಗೆ ವಾಷಿಂಗ್ ಸೋಡಾ ಹಾಕಿ ಕ್ಯಾನ್ ತೊಳೆದರೆ ಏನಾಗುತ್ತದೆ, ಮೇಲಿನ ನಿಯಮ ನೋಡಿಕೊಂಡು ನೀವೇ ಹೇಳಿ. ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್. ನೀರಿನ ಕ್ಯಾಲ್ಸಿಯಂ ಅದರ ಕಾರ್ಬೊನೇಟನ್ನು ಹಿಡಿಯುತ್ತದೆ, ಬಿಳಿ ಗಸಿ ಬೀಳುತ್ತದೆ, ಚೆನ್ನಾಗಿ ಜಾಲಿಸದಿದ್ದರೆ ಕ್ಯಾನಿನ ಒಳಗೋಡೆಗೆ ಅಂಟುತ್ತದೆ. ಇದಕ್ಕೆ ಹಾಲಿನದೇ ಕ್ಯಾಲ್ಸಿಯಂ ಫಾಸ್ಫೇಟ್ ಸೇರುತ್ತದೆ. ಹಾಲಿನಲ್ಲಿ ಅದನ್ನು ಪ್ರೋಟೀನು ಅಪ್ಪಿಹಿಡಿದು ತೇಲಿಸಿಕೊಂಡಿರುತ್ತದೆ. ಬಿಸಿ ತಾಗಿದರೆ ಹಿಡಿತ ತಪ್ಪಿ ಪಾತ್ರೆಗೆ ಕೂರುತ್ತದೆ. ಉಳಿದ ಲವಣಗಳ ಹಾಗಲ್ಲ ಇದು, ಬಿಸಿಯಾದಷ್ಟೂ ಕರಗುವುದು ಕಡಿಮೆ. ಸುಣ್ಣ, ಫಾಸ್ಫೇಟ್, ಹಾಲಿನ ಪ್ರೋಟೀನು ಪದರ ಪದರವಾಗಿ ಕೂತದ್ದೇ ಹಾಲುಕಲ್ಲು. ಮುಟ್ಟಿದರೆ ಸಣ್ಣ ಮರಳಿನ ಹಾಗೆ ಒರಟು. ಅದರ ಸಂದಿಯಲ್ಲಿ ಸೂಕ್ಷ್ಮಾಣುಗಳು ಅಡಗಿ ಕೂತಿರುತ್ತವೆ. ಸಂಜೆಯ ಹಾಲು ಯಾಕೆ ಬೇಗ ಹುಳಿಯಾಯಿತು, ಎಂ.ಬಿ.ಆರ್.ಟಿ. ಪರೀಕ್ಷೆಯಲ್ಲಿ ನೀಲಿ ಬಣ್ಣ ಯಾಕೆ ಇಷ್ಟು ಬೇಗ ಮಾಯವಾಯಿತು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಕ್ಯಾನಿನೊಳಗೆ ಕೈ ಆಡಿಸಿ ನೋಡಿ.

ಹಾಲು ಸುರಿದ ಕೂಡಲೇ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಕ್ಯಾನ್ ಜಾಲಿಸಿ. ಮೊದಲೇ ಕುದಿಯುವ ನೀರು ಹಾಕಿದರೆ ಪ್ರೋಟೀನು ಬೆಂದು ಅಂಟುತ್ತದೆ. ಆಮೇಲೆ ಡಿಟರ್ಜೆಂಟ್, ಬ್ರಷ್, ಮತ್ತೆ ಎರಡು ಸಲ ನೀರು, ಕೊನೆಗೆ ಬೋರಲು ಹಾಕಿ ಬಿಸಿಲಿಗೆ. ಮಳೆ ನೀರು ಹಿಡಿದಿದ್ದರೆ ಕೊನೆಯ ಜಾಲಾಟಕ್ಕೆ ಅದನ್ನೇ ಬಳಸಿ, ಅದರಲ್ಲಿ ಸುಣ್ಣ ಇರುವುದಿಲ್ಲ. ಅಲ್ಯೂಮಿನಿಯಂ ಕ್ಯಾನಿಗೆ ಕಾಸ್ಟಿಕ್ ಸೋಡಾ ಬೇಡವೇ ಬೇಡ, ವಾಷಿಂಗ್ ಸೋಡಾವೂ ಅದನ್ನು ತಿನ್ನುತ್ತದೆ.

ಕೂತುಬಿಟ್ಟ ಹಾಲುಕಲ್ಲಿಗೆ ಸೋಪು, ಸೋಡಾ ಯಾವುದೂ ಬಗ್ಗಿಸಲಾರದು. ಹುಳಿ ಬೇಕು. ಹುಳಿ ತಾಗಿದರೆ ಕಾರ್ಬೊನೇಟ್ ಗುಳ್ಳೆಯಾಗಿ ಹಾರಿಹೋಗುತ್ತದೆ, ಫಾಸ್ಫೇಟ್ ಸಡಿಲವಾಗಿ ಕರಗುತ್ತದೆ. ನಮ್ಮ ಕೈ ತಕ್ಷಣ ಹುಣಸೆಹಣ್ಣಿಗೆ ಹೋಗುತ್ತದೆ. ಹಿತ್ತಾಳೆ, ತಾಮ್ರ ಬೆಳಗಲು ಅದಕ್ಕೆ ಸಮ ಇನ್ನೊಂದಿಲ್ಲ. ಆದರೆ ಸುಣ್ಣಕ್ಕೆ ಅದು ಅಷ್ಟು ಒಳ್ಳೆಯದಲ್ಲ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ, ಅದು ಕ್ಯಾಲ್ಸಿಯಂ ಜೊತೆ ಸೇರಿದರೆ ಹುಟ್ಟುವ ಜೋಡಿಯೂ ಸರಿಯಾಗಿ ಕರಗುವುದಿಲ್ಲ. ಒಂದು ಗಸಿ ಹೋಗಿ ಇನ್ನೊಂದು ಬಂದ ಹಾಗೆ. ವಿನೆಗರ್‌ನ ಅಸಿಟೇಟ್ ಕ್ಯಾಲ್ಸಿಯಂ ಜೊತೆಗೂ ಕರಗುತ್ತದೆ. ಹಾಗಾಗಿ ಸ್ಟೀಲ್ ಕ್ಯಾನಿಗೆ ವಾರಕ್ಕೊಮ್ಮೆ ನೀರು ಬೆರೆಸಿದ ವಿನೆಗರ್ ಸವರಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯುವುದು ಒಳ್ಳೆಯದು. ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಬೇಡಿ, ಅದು ಸ್ಟೀಲನ್ನೇ ತಿನ್ನುತ್ತದೆ. ಇನ್ನೊಂದು ಮಾತು, ಇದು ಪ್ರಾಣದ ಪ್ರಶ್ನೆ: ಬ್ಲೀಚಿಂಗ್ ಪೌಡರ್ ಮತ್ತು ಹುಳಿಯನ್ನು ಒಟ್ಟಿಗೆ ಎಂದೂ ಬಳಸಬೇಡಿ. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಬೇರೆ ಬೇರೆ ದಿನ ಮಾಡಿ, ನಡುವೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ.

ಹಸುವಿನ ಹೊಟ್ಟೆಯೊಳಗೂ ಇದೇ ಲೆಕ್ಕ

ಖನಿಜ ಮಿಶ್ರಣ ಹಾಕುತ್ತಲೇ ಇದ್ದೇವೆ, ಆದರೂ ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ ಡಾಕ್ಟ್ರು ಎಂಬ ದೂರು ಎಲ್ಲ ಸಂಘಗಳಲ್ಲೂ ಕೇಳಿಬರುತ್ತದೆ. ಕಾರಣ ಹಲವಿರಬಹುದು. ಅದರಲ್ಲಿ ಒಂದು ಮೇವಿನಲ್ಲೇ ಇದೆ. ನೇಪಿಯರ್ ಹುಲ್ಲಿನಲ್ಲಿ, ಭತ್ತದ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಅಂಶವಿದೆ. ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿದರೆ ಅದು ಹಟಮಾರಿ ಜೋಡಿ, ನೀರಿನಲ್ಲಿ ಕರಗದು. ನೀವು ಕಾಸು ಕೊಟ್ಟು ತಿನ್ನಿಸಿದ ಕ್ಯಾಲ್ಸಿಯಂ ಹೀಗೆ ಸಿಕ್ಕಿಬಿದ್ದು ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಹೊಟ್ಟೆಯ ಸೂಕ್ಷ್ಮಾಣುಗಳು ಆಕ್ಸಲೇಟನ್ನು ಒಂದಿಷ್ಟು ಅರಗಿಸುತ್ತವೆ, ಅದಕ್ಕೆ ಅವು ನಿಧಾನವಾಗಿ ಒಗ್ಗಿಕೊಳ್ಳಬೇಕು. ಇದ್ದಕ್ಕಿದ್ದಂತೆ ಬರೀ ಎಳೆ ನೇಪಿಯರ್ ಮೇಲೆ ಹಸುವನ್ನು ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಎಳೆಯ ಹುಲ್ಲಿನಲ್ಲಿ ಆಕ್ಸಲೇಟ್ ಹೆಚ್ಚು, ಬಲಿತರೆ ಕಡಿಮೆ. ಹಲಸಂದೆ, ಕುದುರೆ ಮೆಂತ್ಯದಂಥ ದ್ವಿದಳ ಮೇವು ಬೆರೆಸಿದರೆ ಕ್ಯಾಲ್ಸಿಯಂ ತಾನಾಗಿ ಸೇರುತ್ತದೆ. ನಮ್ಮ ರಾಗಿ ಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ಕ್ಯಾಲ್ಸಿಯಂ ಹೆಚ್ಚು. ಬೂಸಾದಲ್ಲಿ ರಂಜಕ ಬೇಕಾದಷ್ಟಿದೆ, ಕ್ಯಾಲ್ಸಿಯಂ ಮಾತ್ರ ಕಡಿಮೆ. ಬೂಸಾ ಚೀಲದ ಮೇಲೆಯೇ ಭರವಸೆ ಇಟ್ಟವರು ಇದನ್ನು ನೆನಪಿಡಬೇಕು.

ಒಂದು ಪ್ರಶ್ನೆ ನಿಮ್ಮಲ್ಲಿ ಹುಟ್ಟಿರಬೇಕು: ಖನಿಜ ಮಿಶ್ರಣದಲ್ಲಿರುವುದೂ ಕ್ಯಾಲ್ಸಿಯಂನ ಫಾಸ್ಫೇಟ್, ಕಾರ್ಬೊನೇಟ್‌ಗಳೇ ತಾನೇ, ಅವೂ ನೀರಿನಲ್ಲಿ ಕರಗವಲ್ಲ, ಹಸುವಿಗೆ ಹೇಗೆ ದಕ್ಕುತ್ತವೆ? ಕ್ಯಾನಿಗೆ ವಿನೆಗರ್ ಮಾಡಿದ ಕೆಲಸವನ್ನು ಹಸುವಿನ ನಾಲ್ಕನೇ ಹೊಟ್ಟೆಯ ಹುಳಿ ಮಾಡುತ್ತದೆ. ಅಲ್ಲಿ ಅವು ಕರಗಿ ಮುಂದೆ ಕರುಳಿನಲ್ಲಿ ರಕ್ತ ಸೇರುತ್ತವೆ.

ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ತಣ್ಣಗಾಗಿ, ಮೇಲೇಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಹಾಲು ಜ್ವರ. ಹೆಸರು ಜ್ವರ, ಮೈ ಮಾತ್ರ ತಣ್ಣಗೆ. ಮೂರನೇ ಸೂಲಿನ ಆಚೆಯ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಹೆಚ್ಚು. ರಕ್ತದ ಕ್ಯಾಲ್ಸಿಯಂ ಕುಸಿದಿರುತ್ತದೆ, ಹೊಟ್ಟೆಯ ದಾರಿ ಕಾಯುವಷ್ಟು ಸಮಯ ಇರುವುದಿಲ್ಲ. ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಏರಿಸುವ ಬಾಟಲಿಯಲ್ಲಿರುವುದು ಕ್ಯಾಲ್ಸಿಯಂ ಬೋರೋಗ್ಲುಕೊನೇಟ್. ಕ್ಯಾಲ್ಸಿಯಂ ಇದ್ದೂ ನೀರಿನಲ್ಲಿ ತಿಳಿಯಾಗಿ ಕರಗುವ ಜೋಡಿ ಎಂದೇ ಅದನ್ನು ಆರಿಸಿದ್ದಾರೆ.

ಆ ಬಾಟಲಿಗೆ ಮನೆಯಲ್ಲಿ ಉಳಿದ ಬೇರೆ ಔಷಧಿ ಸೇರಿಸಿ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಹೊಟ್ಟೆ ಹುಳಿಗೆ ಕೊಡುವ ಸೋಡಿಯಂ ಬೈಕಾರ್ಬೊನೇಟ್ ಅದರಲ್ಲಿ ಬಿದ್ದರೆ ಸುಣ್ಣದ ಗಸಿಯಾಗುತ್ತದೆ, ರಂಜಕದ ಇಂಜೆಕ್ಷನ್ ಬಿದ್ದರೆ ಫಾಸ್ಫೇಟ್ ಗಸಿ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಕೂಡ ಕ್ಯಾಲ್ಸಿಯಂ ಕಂಡರೆ ಗಟ್ಟಿಯಾಗುತ್ತದೆ. ಹಂಡೆಯಲ್ಲಿ ಕೂತ ಗಸಿಯನ್ನು ಉಜ್ಜಿ ತೆಗೆಯಬಹುದು, ಹಸುವಿನ ರಕ್ತನಾಳದಲ್ಲಿ ಕೂತದ್ದನ್ನು ತೆಗೆಯಲಾಗದು. ಹಸು ಮಲಗಿದ್ದು ಕಂಡ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಅಷ್ಟರಲ್ಲಿ ಎರಡೂ ಪಕ್ಕಕ್ಕೆ ಹುಲ್ಲಿನ ಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರುವಂತೆ ಮಾಡಿ, ಬಾಯಿಗೆ ಏನನ್ನೂ ಹೊಯ್ಯಬೇಡಿ. ವೈದ್ಯರು ಬಂದಾಗ ಈ ಎರಡು ದಿನದಲ್ಲಿ ಯಾವ ಯಾವ ಇಂಜೆಕ್ಷನ್ ಆಗಿದೆ ಎಂದು ಖಾಲಿ ಬಾಟಲಿ ಸಮೇತ ತೋರಿಸಿ. ಕ್ಯಾಲ್ಸಿಯಂ ಬಾಟಲಿಯನ್ನು ಏರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಒಳಗೆ ಮೋಡ ಕಟ್ಟಿದಂತೆಯೋ ತಳದಲ್ಲಿ ಬಿಳಿ ಪುಡಿಯೋ ಕಂಡರೆ ಅದನ್ನು ಪಕ್ಕಕ್ಕಿಟ್ಟು ಬೇರೆ ಬಾಟಲಿ ಕೇಳಿ.